ಗ್ರಂಥಾಲಯ ಪ್ರಶ್ನೋತ್ತರ: ಮಳೆ ನಿಂತರೂ ಎದ್ದು ಹೋಗದವರು

ಈ ಬಾರಿ ಬಂದ ಪತ್ರಗಳಲ್ಲಿ ಹೆಚ್ಚಿನವು ಉತ್ತರ ಕನ್ನಡ ಜಿಲ್ಲೆಯವು. ಪುಸ್ತಕಗಳ ಬಗ್ಗೆ ಕೇಳಿದವರು ಕಡಿಮೆ. ಗ್ರಂಥಾಲಯಕ್ಕೆ ಬಂದು ಕೂರುವ ಮನುಷ್ಯರ ಬಗ್ಗೆ ಕೇಳಿದವರೇ ಹೆಚ್ಚು. ಪತ್ರ ಬರೆದವರ ಹೆಸರನ್ನೂ, ಅವರು ಹೇಳಿದವರ ಗುರುತನ್ನೂ ಬೇಕೆಂದೇ ಬಿಟ್ಟಿದ್ದೇನೆ.

ಪ್ರಶ್ನೆ: ನಾನು ಶಿರಸಿ ತಾಲ್ಲೂಕಿನ ಗ್ರಾಮ ಪಂಚಾಯಿತಿಯೊಂದರ ಅರಿವು ಕೇಂದ್ರದಲ್ಲಿ, ಅಂದರೆ ಹಳ್ಳಿಯ ಗ್ರಂಥಾಲಯದಲ್ಲಿ, ಮೇಲ್ವಿಚಾರಕಿ. ಅರವತ್ತು ದಾಟಿರಬಹುದಾದ ಒಬ್ಬರು ಕಳೆದ ಮಳೆಗಾಲದಿಂದ ನಾನು ಬಾಗಿಲು ತೆಗೆಯುವ ಮೊದಲೇ ಬಂದು ಜಗಲಿಯಲ್ಲಿ ಕಾದಿರುತ್ತಾರೆ. ಒಳಗೆ ಬಂದವರೇ ಪತ್ರಿಕೆಯಲ್ಲಿ ಅಡಿಕೆ ಧಾರಣೆಯ ಪುಟ ತೆಗೆದು, ರಾಶಿ, ಚಾಲಿ, ಬೆಟ್ಟೆ, ಬಿಳೆಗೋಟು ಎಂದು ಗಟ್ಟಿಯಾಗಿ ಓದುತ್ತಾರೆ. ಓದಿ ಮುಗಿದ ಮೇಲೂ ತಮ್ಮಷ್ಟಕ್ಕೆ ಮಾತಾಡುತ್ತಿರುತ್ತಾರೆ. ಬಟ್ಟೆ ಒದ್ದೆಯಾಗಿರುತ್ತದೆ, ವಾಸನೆ ಬರುತ್ತದೆ. ಯಾರ ಮೇಲೂ ಕೈ ಮಾಡಿದವರಲ್ಲ. ಆದರೂ ಎರಡು ಮನೆಯವರು ಮಕ್ಕಳನ್ನು ಕಳಿಸುವುದು ನಿಲ್ಲಿಸಿದ್ದಾರೆ. ಪಂಚಾಯಿತಿ ಸದಸ್ಯರೊಬ್ಬರು 'ಅವನನ್ನು ಒಳಗೆ ಬಿಟ್ಟುಕೊಳ್ಳಬೇಡ' ಎನ್ನುತ್ತಿದ್ದಾರೆ. ನಾನೇನು ಮಾಡಬೇಕು?

ಉತ್ತರ: ನಿಮ್ಮ ಪತ್ರದಲ್ಲಿ ಮೂರು ಸಂಗತಿಗಳು ಒಂದಕ್ಕೊಂದು ಹೆಣೆದುಕೊಂಡಿವೆ. ಅವರು ಗಟ್ಟಿಯಾಗಿ ಓದುತ್ತಾರೆ, ಅವರ ಮೈಯಿಂದ ವಾಸನೆ ಬರುತ್ತದೆ, ಅವರನ್ನು ಕಂಡರೆ ಕೆಲವರಿಗೆ ಭಯ. ಇವುಗಳಲ್ಲಿ ಗ್ರಂಥಾಲಯದ ನಿಯಮಕ್ಕೆ ಒಳಪಡುವುದು ಮೊದಲನೆಯದು ಮಾತ್ರ. ಎರಡನೆಯದಕ್ಕೆ ನೀರು, ಸೋಪು, ಒಂದು ಜೊತೆ ಒಣ ಬಟ್ಟೆ ಬೇಕು. ಮೂರನೆಯದಕ್ಕೆ ನೀವು ಪಾಲಕರೊಡನೆ ಕುಳಿತು ಮಾತಾಡಬೇಕು. ಸದಸ್ಯರು ಮೂರನ್ನೂ ಒಂದೇ ಗಂಟು ಕಟ್ಟಿ ನಿಮ್ಮ ತಲೆಯ ಮೇಲೆ ಹೊರಿಸಿದ್ದಾರೆ.

ನಿಯಮವನ್ನು ಯಾವಾಗಲೂ ನಡತೆಗೆ ಅನ್ವಯಿಸಬೇಕೇ ಹೊರತು ಆಳಿಗಲ್ಲ. 'ಒಳಗೆ ಗಟ್ಟಿಯಾಗಿ ಮಾತಾಡಬಾರದು' ಎಂಬುದು ನಿಯಮವಾದರೆ, ಮೊಬೈಲಿನ ಸ್ಪೀಕರ್ ಹಾಕಿಕೊಂಡು ಸೊಸೈಟಿ ಸಾಲದ ವಿಷಯ ಮಾತಾಡುವ ಜಮೀನ್ದಾರರಿಗೂ ಅದೇ ಮಾತು ಹೇಳಿರಬೇಕು. ಅವರಿಗೆ ಹೇಳದೆ ಇವರಿಗೆ ಮಾತ್ರ ಹೇಳಿದರೆ ಅದು ನಿಯಮವಾಗುವುದಿಲ್ಲ. ನಾಲ್ಕೈದು ಸಾಲಿನ ಒಂದು ಫಲಕ ಬರೆಸಿ ಹಾಕಿ, ಪಿಡಿಒ ಅವರ ಸಹಿ ಪಡೆದುಕೊಳ್ಳಿ. ಆಮೇಲೆ ಯಾರೇ 'ಇವನನ್ನು ಬಿಡಬೇಡ' ಎಂದರೂ, 'ಫಲಕದ ಯಾವ ಸಾಲನ್ನು ಅವರು ಮೀರಿದ್ದಾರೆ, ಬರೆದು ಕೊಡಿ' ಎಂದು ವಿನಯದಿಂದಲೇ ಕೇಳಬಹುದು. ನನ್ನ ಅನುಭವದಲ್ಲಿ ಬರೆದು ಕೊಟ್ಟವರು ತೀರಾ ಕಡಿಮೆ.

ಇನ್ನು ಅವರ ಜೊತೆ ಮಾತಾಡುವುದು. ಎಲ್ಲರೆದುರು, ಅವರ ತಲೆಯ ಮೇಲೆ ನಿಂತು ಹೇಳಬೇಡಿ. ಪಕ್ಕದ ಕುರ್ಚಿ ಎಳೆದುಕೊಂಡು ಕುಳಿತು, ನಿಮ್ಮೂರಿನಲ್ಲಿ ಆ ವಯಸ್ಸಿನವರನ್ನು ಹೇಗೆ ಕರೆಯುತ್ತೀರೋ ಹಾಗೆಯೇ ಕರೆದು ಮಾತಾಡಿಸಿ. ಮೊದಲ ದಿನ ಹೆಸರು ಕೇಳಿದರೆ ಸಾಕು. ಅವರಿಗೆ ಕಿವಿ ಕೇಳಿಸುತ್ತದೆಯೇ ಎಂಬುದನ್ನು ಗಮನಿಸಿ. ಕಿವಿ ಮಂದವಾದವರು ತಮ್ಮ ದನಿ ಎಷ್ಟು ಏರಿದೆಯೆಂದು ತಿಳಿಯದೆ ಓದುತ್ತಾರೆ, ಸುತ್ತಲಿನವರು ಅದಕ್ಕೆ 'ಹುಚ್ಚು' ಎಂದು ಹೆಸರಿಟ್ಟುಬಿಡುತ್ತಾರೆ. ಮರೆವಿನ ಕಾಯಿಲೆ ಇರಬಹುದು, ಮನೆಯಲ್ಲಿ ಮಾತಾಡಿಸುವವರೇ ಇಲ್ಲದಿರಬಹುದು, ನಿಜವಾಗಿ ಮಾನಸಿಕ ಅನಾರೋಗ್ಯವೇ ಇರಬಹುದು. ಯಾವುದೆಂದು ತೀರ್ಮಾನಿಸುವುದು ನಿಮ್ಮ ಕೆಲಸವಲ್ಲ, ನನ್ನದೂ ಅಲ್ಲ.

ಒಂದು ಉಪಾಯ ಹೇಳುತ್ತೇನೆ, ಫಲಿಸಲೇಬೇಕೆಂದಿಲ್ಲ. ಜಗಲಿಯ ಗೋಡೆಗೆ ಒಂದು ಕರಿಹಲಗೆ ತೂಗುಹಾಕಿ, ದಿನವೂ ಅಡಿಕೆ ಧಾರಣೆಯನ್ನು ಅದರ ಮೇಲೆ ಬರೆದು ಕೊಡುವಿರಾ ಎಂದು ಅವರನ್ನೇ ಕೇಳಿ ನೋಡಿ. ಪತ್ರಿಕೆ ತರಿಸದ ಮನೆಗಳು ನಿಮ್ಮೂರಿನಲ್ಲಿ ಬೇಕಾದಷ್ಟಿವೆ; ಹಾಲು ಹಾಕಲು ಹೋಗುವವರು ನಿಂತು ಓದುತ್ತಾರೆ. ಗಟ್ಟಿಯಾಗಿ ಓದಬೇಕೆನಿಸಿದರೆ ಜಗಲಿಯಲ್ಲಿ ಓದಲಿ, ಅಲ್ಲಿ ಯಾರಿಗೂ ತೊಂದರೆಯಿಲ್ಲ.

ನೀವೊಬ್ಬರೇ ಈ ಭಾರ ಹೊರಬೇಕಾಗಿಲ್ಲ. ಆಶಾ ಕಾರ್ಯಕರ್ತೆಗೂ ಅಂಗವಿಕಲರ ನೆರವಿಗೆಂದು ಪಂಚಾಯಿತಿಯಲ್ಲಿರುವ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿಗೂ ತಿಳಿಸಿ. ತಾಲ್ಲೂಕು ಆಸ್ಪತ್ರೆಯಲ್ಲಿ 'ಮನೋಚೈತನ್ಯ' ಕಾರ್ಯಕ್ರಮದಡಿ ಮನೋವೈದ್ಯರು ಯಾವ ವಾರ ಬರುತ್ತಾರೆಂದು ಕೇಳಿಟ್ಟುಕೊಳ್ಳಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ರೋಗಿಯೇ ಕರೆ ಮಾಡಬೇಕೆಂದೇನಿಲ್ಲ. 'ಹೀಗೊಬ್ಬರು ಬರುತ್ತಾರೆ, ನಾನು ಹೇಗೆ ನಡೆದುಕೊಳ್ಳಲಿ' ಎಂದು ನೀವೇ ಕೇಳಬಹುದು. ಮಕ್ಕಳಿದ್ದೂ ನೋಡಿಕೊಳ್ಳುತ್ತಿಲ್ಲವೆಂದು ತಿಳಿದುಬಂದರೆ, ಹಿರಿಯ ನಾಗರಿಕರ ಪೋಷಣೆ ಮತ್ತು ಕಲ್ಯಾಣ ಕಾಯ್ದೆ 2007ರ ಅಡಿ ಉಪವಿಭಾಗಾಧಿಕಾರಿಗಳ ಅಧ್ಯಕ್ಷತೆಯ ನ್ಯಾಯಮಂಡಳಿಗೆ ಅರ್ಜಿ ಹಾಕಲು ಅವಕಾಶವಿದೆ, ಮತ್ತು ಆ ಕಚೇರಿ ನಿಮಗೆ ಶಿರಸಿಯಲ್ಲೇ ಇದೆ. ಹಿರಿಯರ ಸಹಾಯವಾಣಿ 14567.

ಮನೆಮಾರಿಲ್ಲದೆ ಅಲೆಯುತ್ತಿದ್ದಾರೆ, ತಮ್ಮನ್ನು ತಾವು ನೋಡಿಕೊಳ್ಳುವ ಸ್ಥಿತಿಯಲ್ಲಿಲ್ಲ ಎಂದಾದರೆ ಮಾತು ಬೇರೆ. ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2017ರ 100ನೇ ಸೆಕ್ಷನ್ನಿನ ಪ್ರಕಾರ ಅಂಥವರನ್ನು ರಕ್ಷಣೆಗೆ ತೆಗೆದುಕೊಂಡು 24 ಗಂಟೆಯೊಳಗೆ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ತಲುಪಿಸುವುದು ಠಾಣಾಧಿಕಾರಿಯ ಕರ್ತವ್ಯ, ಲಾಕಪ್ಪಿನಲ್ಲಿ ಇಡುವಂತಿಲ್ಲ. ಠಾಣೆಗೆ ಹೋಗುವಾಗ ಈ ಸೆಕ್ಷನ್ನಿನ ಸಂಖ್ಯೆಯನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ.

ಮಕ್ಕಳ ವಿಷಯದಲ್ಲಿ ಪಾಲಕರ ಆತಂಕವನ್ನು ತಳ್ಳಿಹಾಕಬೇಡಿ. ಮಕ್ಕಳ ಕಪಾಟು ಮತ್ತು ಚಾಪೆಯನ್ನು ನಿಮ್ಮ ಮೇಜಿನ ಎದುರಿಗೆ, ನಿಮ್ಮ ಕಣ್ಣಳತೆಗೆ ತನ್ನಿ. ಯಾವ ವಯಸ್ಕರೊಡನೆಯೂ ಮಗುವೊಂದನ್ನೇ ಕೋಣೆಯಲ್ಲಿ ಬಿಡಬೇಡಿ. ಈ ನಿಯಮ ಇವರಿಗಾಗಿ ಮಾಡಿದ್ದಲ್ಲ. ಇಸ್ತ್ರಿ ಅಂಗಿ ತೊಟ್ಟು ಬರುವವರಿಗೂ ಅನ್ವಯಿಸುತ್ತದೆ, ಅವರಿಗೇ ಹೆಚ್ಚು ಅನ್ವಯಿಸಬೇಕು ಎಂಬುದು ನನ್ನ ಅಭಿಪ್ರಾಯ. ವ್ಯವಸ್ಥೆ ಬದಲಾಯಿಸಿದ ಮೇಲೆ ಆ ಎರಡು ಮನೆಯವರನ್ನು ಒಮ್ಮೆ ಕರೆದು ತೋರಿಸಿ. ಎಂದಾದರೂ ಆ ಹಿರಿಯರು ಕೈ ಎತ್ತಿದರೆ, ಹಿಡಿಯಲು ಹೋಗಬೇಡಿ. ಮೊದಲು ಮಕ್ಕಳನ್ನು ಹೊರಗೆ ಕಳಿಸಿ, ಆಮೇಲೆ ತುರ್ತು ಸಹಾಯವಾಣಿ 112.

ಹಲವು ವರ್ಷಗಳ ಹಿಂದೆ, ಕರಾವಳಿಯ ಒಂದು ಗ್ರಂಥಾಲಯದಲ್ಲಿದ್ದಾಗ, ಇಂಥದೇ ಒಬ್ಬರನ್ನು ನಾನು ಜುಲೈ ತಿಂಗಳ ಮಳೆಯಲ್ಲಿ ಎಬ್ಬಿಸಿ ಕಳಿಸಿದ್ದೆ. ದೂರು ಕೊಟ್ಟವರು ದೊಡ್ಡವರಾಗಿದ್ದರು. ಸಂಜೆ ಮೀನು ಪೇಟೆಯ ತಗಡಿನ ಮಾಡಿನ ಕೆಳಗೆ ಅವರು ಕುಳಿತಿದ್ದು ಕಂಡಿತು. ಕೈಯಲ್ಲಿ ನಮ್ಮ ಹಳೆಯ ಪತ್ರಿಕೆಯ ಒಂದು ಹಾಳೆ ಇತ್ತು, ನಾಲ್ಕಾಗಿ ಮಡಚಿದ್ದು. ಅವರ ಹೆಸರನ್ನು ನಾನು ಕೇಳಿರಲಿಲ್ಲ. ಆದ್ದರಿಂದಲೇ ಮೊದಲು ಹೆಸರು ಕೇಳಿ ಎಂದು ನಿಮಗೆ ಬರೆದೆ.

ಪ್ರಶ್ನೆ: ನಾನು ಕಾರವಾರದಲ್ಲಿ ನೆಲೆಸಿರುವ ನಿವೃತ್ತ ನೌಕರ. ಆಸ್ತಿ ತೆರಿಗೆಯ ಜೊತೆ ಪ್ರತಿವರ್ಷ ಗ್ರಂಥಾಲಯ ಕರ ಕಟ್ಟುತ್ತೇನೆ. ಓದಲು ಹೋದರೆ ಅಲ್ಲಿ ಓದದವರೇ ಹೆಚ್ಚು: ಫ್ಯಾನಿನ ಕೆಳಗೆ ತೂಕಡಿಸುವವರು, ಫೋನ್ ಚಾರ್ಜಿಗೆ ಹಾಕಿ ಕೂರುವವರು. ಗ್ರಂಥಾಲಯವೇನು ಧರ್ಮಛತ್ರವೇ?

ಉತ್ತರ: ಅಲ್ಲ. ಓದಲು ಬಂದವರಿಗೆ ಕುರ್ಚಿ ಸಿಗದಿದ್ದರೆ ನಿಮ್ಮ ದೂರು ನ್ಯಾಯವಾದದ್ದೇ. ತೂಕಡಿಸುವವರನ್ನು ಹಿಂದಿನ ಬೆಂಚಿಗೆ ಕಳಿಸಿ ಕುರ್ಚಿ ಬಿಡಿಸಿಕೊಡಿ ಎಂದು ಗ್ರಂಥಪಾಲಕರನ್ನು ಕೇಳುವ ಹಕ್ಕು ನಿಮಗಿದೆ. ಆದರೆ ಕರದ ಮಾತು ತೆಗೆದಿರುವುದರಿಂದ ಹೇಳುತ್ತೇನೆ. 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ಮೇರೆಗೆ ಆಸ್ತಿ ತೆರಿಗೆಯ ಮೇಲೆ ಶೇಕಡಾ 6ರಂತೆ ಈ ಕರ ಬೀಳುತ್ತದೆ. ಬಾಡಿಗೆ ಮನೆಯಲ್ಲಿರುವವರು ಬಾಡಿಗೆಯ ಮೂಲಕ, ಅಂಗಡಿಯಲ್ಲಿ ಸಾಮಾನು ಕೊಳ್ಳುವವರು ಬೆಲೆಯ ಮೂಲಕ ಅದರ ಪಾಲು ಕಟ್ಟಿಯೇ ಇರುತ್ತಾರೆ. ತೂಕಡಿಸುವವನೂ ಕಟ್ಟಿದ್ದಾನೆ.

ಫೋನ್ ಚಾರ್ಜಿಗೆ ಹಾಕಿ ಕೂರುವುದರ ಬಗ್ಗೆಯೂ ಒಂದು ಮಾತು. ಆಷಾಢದ ಗಾಳಿಮಳೆಗೆ ಕಂಬ ಬಿದ್ದು ನಾಲ್ಕು ದಿನ ಕರೆಂಟಿಲ್ಲದ ಹಳ್ಳಿಯಿಂದ ಪೇಟೆಗೆ ಬಂದವರಿಗೆ ಆ ಪ್ಲಗ್ ಪಾಯಿಂಟು ಎಷ್ಟು ದೊಡ್ಡದೆಂಬುದು ಘಟ್ಟದ ಬುಡದ ಜನರನ್ನು ಕೇಳಿದರೆ ತಿಳಿಯುತ್ತದೆ. 'ಪ್ರತಿ ಓದುಗನಿಗೂ ಅವನ ಪುಸ್ತಕ' ಎಂದು 1931ರಲ್ಲೇ ಬರೆದ ಗ್ರಂಥಾಲಯ ವಿಜ್ಞಾನಿ ಎಸ್.ಆರ್. ರಂಗನಾಥನ್ ಅವರು ಗ್ರಂಥಾಲಯವನ್ನು 'ಬೆಳೆಯುವ ಜೀವಿ' ಎಂದೂ ಕರೆದರು. ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊ ನಗರದ ಸಾರ್ವಜನಿಕ ಗ್ರಂಥಾಲಯದಲ್ಲಿ ಮನೆಯಿಲ್ಲದವರು ದಿನವಿಡೀ ಬಂದು ಕೂರುತ್ತಿದ್ದರು. ಅವರನ್ನು ವಸತಿ, ಚಿಕಿತ್ಸೆಗಳ ಕಡೆಗೆ ದಾಟಿಸಲು 2009ರಲ್ಲಿ ಅಲ್ಲಿ ಒಬ್ಬ ಸಮಾಜ ಕಾರ್ಯಕರ್ತೆಯನ್ನೇ ನೇಮಿಸಿದರು. ನಮ್ಮಲ್ಲಿ ಗ್ರಂಥಪಾಲಕರ ಹುದ್ದೆಯೇ ಖಾಲಿ ಬಿದ್ದಿರುವಾಗ ಅಂಥದ್ದನ್ನು ನಾನು ಬೇಡುತ್ತಿಲ್ಲ. ನಿಮ್ಮ ಪಕ್ಕದ ಕುರ್ಚಿಯವರು ಗೊರಕೆ ಹೊಡೆದರೆ ಖಂಡಿತ ಎಬ್ಬಿಸಿ.

ಪ್ರಶ್ನೆ: ಸ್ಪರ್ಧಾತ್ಮಕ ಪರೀಕ್ಷೆಗೆ ಓದಲು ನಾನು ದಿನವೂ ಪಟ್ಟಣದ ಒಂದು ವಾಚನಾಲಯಕ್ಕೆ ಹೋಗುತ್ತೇನೆ. ಒಬ್ಬ ವ್ಯಕ್ತಿ ಎರಡು ತಿಂಗಳಿಂದ ನಾನು ಕುಳಿತಲ್ಲಿಗೇ ಬಂದು ಎದುರು ಕೂರುತ್ತಾನೆ. ಮಾತಾಡಿಸಲು ಬಂದಾಗ ಬೇಡವೆಂದು ಸ್ಪಷ್ಟವಾಗಿ ಹೇಳಿದ್ದೇನೆ. ಈಗ ಸಂಜೆ ಬಸ್ ನಿಲ್ದಾಣದವರೆಗೂ ಹಿಂದೆ ಬರುತ್ತಾನೆ. ಸಿಬ್ಬಂದಿಗೆ ಹೇಳಿದರೆ 'ಬೇರೆ ಕಡೆ ಕುಳಿತುಕೊಳ್ಳಮ್ಮ' ಎಂದರು. ಮನೆಯಲ್ಲಿ ಹೇಳಿದರೆ ಓದು ನಿಲ್ಲಿಸುತ್ತಾರೆಂಬ ಹೆದರಿಕೆ.

ಉತ್ತರ: ಏಳಬೇಕಾದವರು ನೀವಲ್ಲ, ಅವನು. ಸಿಬ್ಬಂದಿ ಕೊಟ್ಟ ಉತ್ತರ ನನ್ನ ವೃತ್ತಿಗೇ ನಾಚಿಕೆ ತರುವಂಥದ್ದು. ಬೇಡವೆಂದ ಮೇಲೂ ಮತ್ತೆ ಮತ್ತೆ ಹಿಂಬಾಲಿಸುವುದು, ಮಾತಾಡಿಸಲು ಯತ್ನಿಸುವುದು ಭಾರತೀಯ ನ್ಯಾಯ ಸಂಹಿತೆಯ 78ನೇ ಸೆಕ್ಷನ್ನಿನಲ್ಲಿ ಅಪರಾಧ. ಮೊದಲ ಸಲಕ್ಕೇ 3 ವರ್ಷದವರೆಗೆ ಶಿಕ್ಷೆಯಾಗಬಹುದು.

ಬಾಯಿಮಾತಿನ ದೂರು ಗಾಳಿಗೆ ಹೋಗುತ್ತದೆ. ಯಾವ ದಿನ, ಎಷ್ಟು ಗಂಟೆಗೆ, ಯಾವ ಮೇಜು, ಎಲ್ಲಿಯವರೆಗೆ ಹಿಂದೆ ಬಂದ ಎಂದು ಒಂದು ಹಾಳೆಯಲ್ಲಿ ಬರೆದು, ಎರಡು ಪ್ರತಿ ಮಾಡಿ, ಒಂದನ್ನು ಗ್ರಂಥಪಾಲಕರಿಗೆ ಕೊಟ್ಟು ಇನ್ನೊಂದರ ಮೇಲೆ ಸಹಿ ಮತ್ತು ಮೊಹರು ಪಡೆಯಿರಿ. ಕ್ಯಾಮೆರಾ ಇದ್ದರೆ ಆ ದಿನಗಳ ದೃಶ್ಯ ಅಳಿಸದಂತೆ ಇಡಬೇಕೆಂದು ಅದೇ ಪತ್ರದಲ್ಲಿ ಕೇಳಿ; ಕೆಲವು ದಿನಗಳಾದ ಮೇಲೆ ಹೊಸ ದೃಶ್ಯ ಹಳೆಯದರ ಮೇಲೆ ಕೂರುತ್ತದೆ. ಮೊಹರು ಬಿದ್ದ ಪ್ರತಿ ಕೈಯಲ್ಲಿದ್ದರೆ ಠಾಣೆಯಲ್ಲಿ ನಿಮ್ಮ ಮಾತಿಗೆ ತೂಕ ಬರುತ್ತದೆ. ದಾರಿಯಲ್ಲಿ ತೊಂದರೆಯಾದರೆ 112, ಸಲಹೆ ಬೇಕಿದ್ದರೆ ಮಹಿಳಾ ಸಹಾಯವಾಣಿ 181. ಉಚಿತ ವಕೀಲರ ನೆರವಿಗೆ ಕಾನೂನು ಸೇವಾ ಪ್ರಾಧಿಕಾರದ 15100. ಮಹಿಳೆಯರಿಗೆ ಈ ನೆರವು ಪಡೆಯಲು ಆದಾಯದ ಮಿತಿಯಿಲ್ಲ.

ಗ್ರಂಥಪಾಲಕರು ಮಾಡಬಹುದಾದದ್ದು ಬಹಳವಿದೆ. ಅವನನ್ನು ಕರೆದು ಕಾರಣ ಹೇಳಿ, ಇಂತಿಷ್ಟು ದಿನ ಬರಕೂಡದೆಂದು ಬರೆದುಕೊಡುವುದು ಒಂದು. ತಮ್ಮ ಮೇಜನ್ನು ಬಾಗಿಲಿನ ಕಡೆಗಲ್ಲದೆ ಓದುವ ಸಭಾಂಗಣದ ಕಡೆಗೆ ತಿರುಗಿಸುವುದು, ಕಪಾಟುಗಳನ್ನು ಮೂಲೆ ಮರೆಯಾಗದಂತೆ ಸರಿಸುವುದು, ಮೆಟ್ಟಿಲ ಬಳಿ ಉರಿಯದ ಬಲ್ಬನ್ನು ಬದಲಿಸುವುದು ಇನ್ನುಳಿದವು. ಇದಕ್ಕೆಲ್ಲ ಅನುದಾನ ಬೇಕಿಲ್ಲ. ಮಹಿಳೆಯರಿಗೆಂದು ಪ್ರತ್ಯೇಕ ಮೇಜು ಹಾಕುವ ರೂಢಿಯ ಬಗ್ಗೆ ನನಗೆ ಅರ್ಧ ಮನಸ್ಸು. ಅನುಕೂಲವೇನೋ ಹೌದು; ಆದರೆ ನಾಲ್ಕು ಕುರ್ಚಿಯ ಆ ಮೂಲೆ ತುಂಬಿದ ದಿನ ಉಳಿದ ಸಭಾಂಗಣವೆಲ್ಲ ಗಂಡಸರದೇ ಎಂಬಂತಾಗಿಬಿಡುತ್ತದೆ. ಮನೆಯಲ್ಲಿ ಅಕ್ಕನಿಗೋ ಅತ್ತೆಗೋ, ನಂಬಿಕೆಯ ಒಬ್ಬರಿಗಾದರೂ ಹೇಳಿಡಿ.

ಪ್ರಶ್ನೆ: ಅಂಕೋಲಾ ಕಡೆಯ ಹಳ್ಳಿಯೊಂದರ ಗ್ರಂಥಾಲಯ ನಮ್ಮದು. ಏಳನೇ ತರಗತಿಯ ಒಬ್ಬ ಹುಡುಗಿ ಬಾಗಿಲು ಹಾಕುವ ಹೊತ್ತಾದರೂ ಏಳುವುದಿಲ್ಲ. ಮೊನ್ನೆ ಪುಸ್ತಕ ಜೋಡಿಸುತ್ತಿದ್ದಾಗ 'ಅಕ್ಕೋರೇ, ನಾ ಇಲ್ಲೇ ಉಳೀಲಾ?' ಎಂದು ಕೇಳಿದಳು. ಮನೆಗೆ ಹೋಗಿ ವಿಚಾರಿಸಲೇ?

ಉತ್ತರ: ಈಗಲೇ ಮನೆಗೆ ಹೋಗಬೇಡಿ. ತೊಂದರೆ ಇರುವುದು ಮನೆಯಲ್ಲೇ ಆಗಿದ್ದರೆ, ನೀವು ಬಂದು ಹೋದ ಮೇಲೆ ಅವಳನ್ನು ಗ್ರಂಥಾಲಯಕ್ಕೂ ಕಳಿಸಲಿಕ್ಕಿಲ್ಲ. ಕಾರಣ ತೀರ ಸಾಧಾರಣವೂ ಇರಬಹುದು: ಅಮ್ಮ ಕೆಲಸದಿಂದ ಬರುವುದು ತಡ, ಖಾಲಿ ಮನೆಯಲ್ಲಿ ಭಯ, ಅಪ್ಪ ಕುಡಿದು ಬರುವ ಹೊತ್ತು ಅದೇ ಇರಬಹುದು. ಅದಕ್ಕಿಂತ ಕೆಟ್ಟದ್ದೂ ಇರಬಹುದು. 'ಯಾರಾದರೂ ಹೀಗೆ ಮಾಡಿದರಾ' ಎಂದು ಉತ್ತರವನ್ನು ನೀವೇ ಬಾಯಿಗಿಡುವ ಪ್ರಶ್ನೆ ಕೇಳಬೇಡಿ. 'ಇಲ್ಲೇ ಉಳಿಯಬೇಕು ಅಂತ ಯಾಕನಿಸ್ತು?' ಎಂದಷ್ಟೇ ಕೇಳಿ ಸುಮ್ಮನಿರಿ. ಕೈಯಲ್ಲಿ ಪುಸ್ತಕ ಜೋಡಿಸುವ ಕೆಲಸವಿದ್ದರೆ ಮಕ್ಕಳಿಗೆ ಮಾತು ಸುಲಭವಾಗಿ ಬರುತ್ತದೆ. 'ಯಾರಿಗೂ ಹೇಳುವುದಿಲ್ಲ' ಎಂದು ಮಾತ್ರ ಭಾಷೆ ಕೊಡಬೇಡಿ. 'ನಿನಗೆ ಸಹಾಯ ಮಾಡುವವರಿಗಷ್ಟೇ ಹೇಳುತ್ತೇನೆ' ಎನ್ನಿ.

ಲೈಂಗಿಕ ದೌರ್ಜನ್ಯದ ಸುಳಿವು ಸಿಕ್ಕರೆ ಹೇಳಬೇಕೋ ಬೇಡವೋ ಎಂಬ ಆಯ್ಕೆ ನಿಮಗಿಲ್ಲ. 2012ರ ಪೋಕ್ಸೊ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ, ವಿಷಯ ತಿಳಿದ ಯಾರೇ ಆಗಲಿ ಪೊಲೀಸರಿಗೆ ವರದಿ ಮಾಡಲೇಬೇಕು. ಮಾಡದಿದ್ದರೆ 6 ತಿಂಗಳವರೆಗೆ ಶಿಕ್ಷೆಯಿದೆ. ಸದುದ್ದೇಶದಿಂದ ವರದಿ ಮಾಡಿದವರ ಮೇಲೆ ಕ್ರಮ ಜರುಗಿಸುವಂತಿಲ್ಲವೆಂದೂ ಅದೇ ಸೆಕ್ಷನ್ ಹೇಳುತ್ತದೆ. ಸುಳಿವು ಸ್ಪಷ್ಟವಿಲ್ಲದಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ ಸಲಹೆ ಕೇಳಿ. ಅಲ್ಲಿಂದ ಜಿಲ್ಲೆಯ ಮಕ್ಕಳ ರಕ್ಷಣಾ ವ್ಯವಸ್ಥೆಗೆ ದಾರಿಯಿದೆ.

ಅವಳು ಹೇಳಿದ್ದನ್ನು ಅವಳದೇ ಮಾತಿನಲ್ಲಿ, ತಾರೀಖು ಹಾಕಿ, ಬೇರೆ ಹಾಳೆಯಲ್ಲಿ ಬರೆದು ಬೀಗದಲ್ಲಿಡಿ. ಹಾಜರಿ ಪುಸ್ತಕದ ಅಂಚಿನಲ್ಲಿ ಬರೆಯಬೇಡಿ, ಅದನ್ನು ಬಂದವರೆಲ್ಲ ತಿರುವುತ್ತಾರೆ. ಊರಿನ ವಾಟ್ಸ್ಆ್ಯಪ್ ಗುಂಪಿಗೆ ಒಂದಕ್ಷರವೂ ಹೋಗಬಾರದು. 2020ರಲ್ಲಿ 'ಓದುವ ಬೆಳಕು' ಅಭಿಯಾನ ಶುರುವಾದಾಗ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಟ್ಟು ಹಳ್ಳಿಯ ಗ್ರಂಥಾಲಯಗಳಿಗೆ ಕರೆತಂದೆವು. ಅವರು ಪುಸ್ತಕದ ಜೊತೆ ಮನೆಯ ಕಷ್ಟವನ್ನೂ ತರುತ್ತಾರೆಂದು ಮೇಲ್ವಿಚಾರಕರಿಗೆ ಯಾರೂ ತರಬೇತಿ ಕೊಟ್ಟಂತೆ ಕಾಣಲಿಲ್ಲ. ಈ ಮಾತನ್ನು ನಾನು ಸಂಬಂಧಪಟ್ಟವರ ಮುಂದೆ ಹಲವು ಸಲ ಹೇಳಿದ್ದೇನೆ.

ಪ್ರಶ್ನೆ: ಹೊನ್ನಾವರದ ಕಡೆಯವಳು ನಾನು, ಗ್ರಂಥಾಲಯದಲ್ಲಿ ಸಹಾಯಕಿ. ಓದುಗರಾದ ಒಬ್ಬ ಮಹಿಳೆಯ ಗಂಡ ಫೋನ್ ಮಾಡಿ, ಅವರು ಎಷ್ಟು ಗಂಟೆಗೆ ಬಂದರು, ಯಾರ ಜೊತೆ ಮಾತಾಡಿದರು, ಯಾವ ಪುಸ್ತಕ ಒಯ್ದರು ಎಂದು ಕೇಳುತ್ತಾರೆ. ಗಂಡನೇ ಆದ್ದರಿಂದ ಹೇಳಬಹುದೇ?

ಉತ್ತರ: ಹೇಳಬಾರದು. 'ಓದುಗರ ವಿಷಯವನ್ನು ನಾವು ಯಾರಿಗೂ ಹೇಳುವುದಿಲ್ಲ' ಎಂದು ಎಲ್ಲರಿಗೂ ಒಂದೇ ಉತ್ತರ ಕೊಡಿ. 'ಅವರು ಬಂದಿಲ್ಲ' ಎಂದು ಸುಳ್ಳು ಹೇಳಲೂ ಹೋಗಬೇಡಿ, ಸುಳ್ಳು ಸಿಕ್ಕಿಬಿದ್ದರೆ ಪೆಟ್ಟು ಬೀಳುವುದು ಅವರಿಗೆ. ಖಾಸಗಿತನ ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳ ಪೀಠ 2017ರಲ್ಲಿ ತೀರ್ಪು ಕೊಟ್ಟಿದೆ. ಮದುವೆಯಾದ ಮಾತ್ರಕ್ಕೆ ಅದು ಹೋಗುವುದಿಲ್ಲ. ಫೋನ್ ಬಂದಿತ್ತೆಂದು ಆ ಮಹಿಳೆಗೆ ಮಾತ್ರ, ಒಂಟಿಯಾಗಿದ್ದಾಗ ತಿಳಿಸಿ. ಕೌಟುಂಬಿಕ ಹಿಂಸೆಯ ಕಾಯ್ದೆಯಡಿ ಶಿಶು ಅಭಿವೃದ್ಧಿ ಯೋಜನಾಧಿಕಾರಿಯೇ ರಕ್ಷಣಾಧಿಕಾರಿ ಎಂಬುದು ಬಹಳ ಮಂದಿಗೆ ಗೊತ್ತಿಲ್ಲ. ಅವರ ಕಚೇರಿಯ ವಿಳಾಸ ಮತ್ತು 181 ಸಂಖ್ಯೆಯ ಚೀಟಿಯನ್ನು ಮಹಿಳೆಯರ ಶೌಚಾಲಯದ ಬಾಗಿಲಿನ ಒಳಬದಿಗೆ ಅಂಟಿಸಿಡಿ. ಅದೊಂದು ಜಾಗದಲ್ಲಿ ಯಾರ ಕಣ್ಣೂ ಇಲ್ಲದೆ ಬರೆದುಕೊಳ್ಳಬಹುದು.

ಪ್ರಶ್ನೆ: ಕಾರವಾರದ ಬೈತಖೋಲ ಬಂದರಿನಲ್ಲಿ ಬೋಟಿಗೆ ಬರುವ ಹೊರರಾಜ್ಯದ ಹುಡುಗರು ವಾಚನಾಲಯಕ್ಕೆ ಬರಬಹುದೇ? ಅವರಲ್ಲಿ ಇಲ್ಲಿಯ ವಿಳಾಸದ ದಾಖಲೆ ಇಲ್ಲ.

ಉತ್ತರ: ಅಲ್ಲೇ ಕುಳಿತು ಓದುವುದಕ್ಕೆ ಸದಸ್ಯತ್ವವೇ ಬೇಕಿಲ್ಲ, ಮನೆಗೆ ಪುಸ್ತಕ ಒಯ್ಯುವುದಕ್ಕೆ ಮಾತ್ರ ದಾಖಲೆ ಮತ್ತು ಠೇವಣಿ ಕೇಳುತ್ತಾರೆ. ಬೋಟಿನ ಮಾಲೀಕರು ಜಾಮೀನು ನಿಂತರೆ ಅದಕ್ಕೂ ದಾರಿಯಾಗಬಹುದು, ಗ್ರಂಥಪಾಲಕರನ್ನು ಕೇಳಿ ನೋಡಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆ ನಿಷೇಧವಿರುವುದರಿಂದ ಹೆಚ್ಚಿನವರು ಆಗ ಊರಿಗೆ ಹೋಗಿರುತ್ತಾರೆ; ಆಗಸ್ಟಿನಲ್ಲಿ ಮರಳಿ ಬಂದಾಗ ಒಮ್ಮೆ ಕರೆದುಕೊಂಡು ಹೋಗಿ ಪರಿಚಯ ಮಾಡಿಸಿ. ಹೊಸ ಜಾಗದಲ್ಲಿ ಚಪ್ಪಲಿ ಎಲ್ಲಿ ಬಿಡಬೇಕೆಂದು ತಿಳಿಯದೆಯೇ ಬಾಗಿಲಿನಿಂದ ಹಿಂದಿರುಗಿದವರನ್ನು ನಾನು ಕಂಡಿದ್ದೇನೆ. ಮೊದಲ ದಿನ ನೀವು ಜೊತೆಗಿದ್ದರೆ ಸಾಕು.